ಕುಂಕುಮ ಕಾಣದ ಕತ್ತಿ

ಆ ಕತ್ತಿಯ ಕೆಳಗೆ ಹಾದುಹೋಗುವಾಗಲೆಲ್ಲ ದೊಡ್ಡಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಳ್ಳುತ್ತಿದ್ದಳು. ನಡುಮನೆಯಿಂದ ಅಡುಗೆಮನೆಗೆ ಹೋಗುವ ಬಾಗಿಲಿನ ಮೇಲ್ಗಡೆ, ಎರಡು ಮರದ ಗೂಟಗಳ ಮೇಲೆ, ಹಸಿರು ಬಟ್ಟೆ ಸುತ್ತಿಕೊಂಡು ಅದು ಮಲಗಿರುತ್ತಿತ್ತು. ದಿನಕ್ಕೆ ಎಷ್ಟು ಸಲ ಆ ಬಾಗಿಲು ದಾಟುತ್ತಿದ್ದಳೋ ಅಷ್ಟು ಸಲವೂ ಕೈ ಒಳಗೆ. ಕೈಯಲ್ಲಿ ಚೊಂಬಿದ್ದರೆ ಚೊಂಬಿನ ಸಮೇತ ಒಳಗೆ. ಮಾವಿನ ಸೊನೆ ಬಿದ್ದು ಬಿದ್ದು ಮಣಿಕಟ್ಟಿನವರೆಗೆ ಕಪ್ಪು ಮಚ್ಚೆಗಳಾಗಿದ್ದ ಕೈಗಳವು. ಚಿಕ್ಕಂದಿನಲ್ಲಿ ನಾನು, ಆ ಮಚ್ಚೆಗಳು ಯಾರಿಗೂ ಕಾಣಬಾರದೆಂದು ಮುಚ್ಚಿಕೊಳ್ಳುತ್ತಾಳೆ ಅಂದುಕೊಂಡಿದ್ದೆ.

"ಅದಲ್ಲ ಕಣೋ" ಎಂದಳು ಒಮ್ಮೆ ಕೇಳಿದಾಗ. "ಈ ಮನೆ ಹೆಂಗಸ್ರು ಅದನ್ನ ಮುಟ್ಟಂಗಿಲ್ಲ. ಕೈ ಹೊರಗಿದ್ರೆ ಎಲ್ಲಿ ಮುಟ್ಟಿಬಿಡ್ತೀನೋ ಅಂತ ನಂಗೇ ಭಯ."

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಅವರಿಬ್ಬರ ತವರು ವಕ್ಕಲೇರಿ ಕಡೆ. ಇನ್ನೂ ಎಳೆಯ ವಯಸ್ಸಿನಲ್ಲೇ ಅವಳನ್ನು ಯಲ್ದೂರಿನ ಹತ್ತಿರದ ಒಂದು ಮನೆಗೆ ಕೊಟ್ಟರು. ಸುತ್ತ ಮಾವಿನ ತೋಟ, ಹಿಂದೆ ಒಂದಿಷ್ಟು ರಾಗಿ ಹೊಲ. ಊರಿನವರು ಆ ಮನೆಗೆ ಕತ್ತಿಯವರ ಮನೆ ಎನ್ನುತ್ತಿದ್ದರು. ದೊಡ್ಡಪ್ಪನ ತಾತ ಮೈಸೂರು ಮಹಾರಾಜರ ಕುದುರೆ ದಂಡಿನ ಜೊತೆ ಸಮುದ್ರ ದಾಟಿ, ಎಲ್ಲೋ ಮರಳುಗಾಡಿನಲ್ಲಿ ಯುದ್ಧ ಮಾಡಿ, ಆ ಕತ್ತಿಯೊಂದಿಗೆ ತಿರುಗಿ ಬಂದವನೆಂದು ಎಲ್ಲರೂ ನಂಬಿದ್ದರು. ಈ ಕಥೆಯನ್ನು ಹಲವರ ಬಾಯಲ್ಲಿ ಕೇಳಿದ್ದೇನೆ. ಹೇಳುವವರು ಬದಲಾದಂತೆ ಆತ ಕೊಂದವರ ಲೆಕ್ಕವೂ ಬದಲಾಗುತ್ತಿತ್ತು. ಆ ತಾತ ಮಾತ್ರ ಬದುಕಿರುವವರೆಗೆ ಯುದ್ಧದ ಬಗ್ಗೆ ಒಂದು ಮಾತೂ ಆಡಿರಲಿಲ್ಲವಂತೆ. ಅದನ್ನೂ ಅವನ ದೊಡ್ಡತನಕ್ಕೇ ಸೇರಿಸಿ ಹೇಳುತ್ತಿದ್ದರು.

ಆಯುಧಪೂಜೆಯ ದಿನ ಆ ಮನೆಯಲ್ಲಿ ಗುದ್ದಲಿ, ಮಚ್ಚು, ಕುಡುಗೋಲು, ಪಂಪ್‌ಸೆಟ್ಟು, ಸೈಕಲ್ಲು ಎಲ್ಲಕ್ಕೂ ಅರಿಶಿನ ಕುಂಕುಮ ಬೀಳುತ್ತಿತ್ತು. ಕತ್ತಿಗೆ ಮಾತ್ರ ಕುಂಕುಮವಿಲ್ಲ. ನಿಂಬೆಹಣ್ಣಿಲ್ಲ, ಕಾಯಿ ಒಡೆಯುವುದಿಲ್ಲ. ಗಂಡಸೊಬ್ಬ ಅದನ್ನು ಇಳಿಸಿ ಮಣೆಯ ಮೇಲಿಟ್ಟು, ಹಳೆಯ ಹಸಿರು ಬಟ್ಟೆಯ ಮೇಲೆಯೇ ಹೊಸ ಹಸಿರು ಬಟ್ಟೆ ಸುತ್ತಬೇಕು. ಕೆಂಡಕ್ಕೆ ಲೋಬಾನ ಹಾಕಿ ಘಮದ ಹೊಗೆ ಎಬ್ಬಿಸಬೇಕು. ಎಲೆಯ ಮೇಲೆ ಒಂದು ಹಿಡಿ ಸಕ್ಕರೆ ಇಟ್ಟು ಎಲ್ಲರೂ ಸ್ವಲ್ಪ ಹೊತ್ತು ಮಾತಾಡದೆ ಕೂರಬೇಕು. ಆಮೇಲೆ ಆ ಸಕ್ಕರೆಯನ್ನು ಬೀದಿಯ ಮಕ್ಕಳಿಗೆ ಹಂಚಬೇಕು. ಕುಂಕುಮ ಯಾಕಿಲ್ಲ ಎಂದು ಕೇಳಿದರೆ ಉತ್ತರ ಸಿದ್ಧವಿತ್ತು. ಕತ್ತಿ ಒಮ್ಮೆ ಕೆಂಪು ಕುಡಿದಿದೆ, ಮತ್ತೆ ಕೆಂಪು ತೋರಿಸಿದರೆ ಎಚ್ಚರವಾಗುತ್ತದೆ.

ಇನ್ನೊಂದು ಪದ್ಧತಿಯೂ ಇತ್ತು. ಬಾವಿಯ ಪಕ್ಕದ ರಸಪುರಿ ಮರದ ಮೊದಲ ಹಣ್ಣುಗಳನ್ನು ಒಂದು ಬಿದಿರು ಬುಟ್ಟಿಗೆ ತುಂಬಿ, ಮೇಲೆ ಮಾವಿನ ಸೊಪ್ಪು ಹೊದಿಸಿ, ಬೇರೆ ಇಡುತ್ತಿದ್ದರು. ಅದಕ್ಕೆ ಮುಳಬಾಗಿಲ ಬುಟ್ಟಿ ಎಂದು ಹೆಸರು. ತಾತ ಬದುಕಿದ್ದಾಗ ಪ್ರತಿ ವರ್ಷ ಅದನ್ನು ಹೊತ್ತು ಒಬ್ಬನೇ ಮುಳಬಾಗಿಲಿಗೆ ಹೋಗಿಬರುತ್ತಿದ್ದನಂತೆ. ಯಾವುದೋ ದೇವರ ಹರಕೆ ಇರಬೇಕೆಂದು ಮನೆಯವರು ತಿಳಿದರು. ಅವನು ಹೋದ ಮೇಲೆ ಅಷ್ಟು ದೂರ ಹೊರುವವರು ಯಾರೆಂದು ಆ ಬುಟ್ಟಿಯನ್ನು ಊರ ಆಂಜನೇಯನ ಗುಡಿಗೇ ಕೊಡತೊಡಗಿದರು. ಹೆಸರು ಮಾತ್ರ ಹಾಗೇ ಉಳಿಯಿತು.

ಮದುವೆಯಾದ ಕೆಲವೇ ವರ್ಷಕ್ಕೆ ದೊಡ್ಡಪ್ಪ ಕಾಮಾಲೆಯಿಂದ ತೀರಿಕೊಂಡರು. ಮಕ್ಕಳಾಗಿರಲಿಲ್ಲ. ಅವಳ ಅಣ್ಣಂದಿರು ಗಾಡಿ ಕಟ್ಟಿಕೊಂಡು ಕರೆದೊಯ್ಯಲು ಬಂದರು. ಇನ್ನೊಂದು ಮದುವೆಯ ಮಾತನ್ನೂ ಮೆಲ್ಲಗೆ ಆಡಿದರಂತೆ. ಅತ್ತೆ ಅಳಲಿಲ್ಲ, ಜಗಳವನ್ನೂ ಮಾಡಲಿಲ್ಲ. ಕತ್ತಿಯ ಕಡೆಗೊಮ್ಮೆ ನೋಡಿ, "ನೀನೂ ಹೊರಟೋದ್ರೆ ನಮ್ ಕಾಲದ ಮೇಲೆ ಇದಕ್ಕೆ ಲೋಬಾನ ಹಾಕೋರ್ಯಾರೇ" ಎಂದರು ಅಷ್ಟೆ. ಗಾಡಿ ಖಾಲಿಯಾಗಿ ವಕ್ಕಲೇರಿಗೆ ಮರಳಿತು. ಇದನ್ನು ನನ್ನ ತಾಯಿ ಹೇಳಿದ್ದು. ದೊಡ್ಡಮ್ಮ ಹೇಳಿದ್ದು ಬೇರೆ: "ಆ ಎತ್ತು ಕುಂಟ್ತಿತ್ತು ಕಣೋ. ಅದರ ಮೇಲೆ ನನ್ ಭಾರ ಬೇರೆ ಯಾಕೆ ಅಂತ ಉಳ್ಕೊಂಡೆ."

ಅವಳ ಮಾತೇ ಹಾಗೆ. ಹಾಲಿನ ಡೈರಿಯ ಹತ್ತಿರ ಯಾರಾದರೂ, "ಏನಮ್ಮ ಕತ್ತಿ ಮನೆ ಸೊಸೆ, ಈರುಳ್ಳಿ ಹೆಚ್ಚೋಕಾದ್ರೂ ಕೊಡ್ತಾರಾ ಅದನ್ನ?" ಎಂದು ಛೇಡಿಸಿದರೆ, "ನನ್ ಗಂಡ ಕತ್ತಿ ಮನೆಯೋನು, ಗಡ್ಡ ಕೆರೆಸ್ಕೊಳೋಕೆ ಮಾತ್ರ ಪೇಟೆಗೆ ಹೋಗ್ತಿದ್ದ" ಎಂದು ಮುಂದೆ ನಡೆಯುವಳು.

ಮೊದಲು ಮಾವ, ಕೆಲವು ವರ್ಷದ ಮೇಲೆ ಅತ್ತೆ ಹೋದರು. ದಾಯಾದಿಗಳು ಪೇಟೆ ಸೇರಿದರು. ಕತ್ತಿ ಇಳಿಸಲು ಆ ಮನೆಯಲ್ಲಿ ಗಂಡಸೇ ಉಳಿಯಲಿಲ್ಲ. ಆಗ ಅವಳು ನನಗೆ ಹೇಳಿಕಳಿಸಿದಳು. ನಾನು ಆ ಮನೆಯವನಲ್ಲವಲ್ಲ ಎಂದರೆ, "ಮೀಸೆ ಐತಲ್ಲ, ಸಾಕು ಬಾ" ಎಂದಳು. ಕೋಲಾರದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ಅಲ್ಲಿಂದ ಪ್ರತಿ ಆಯುಧಪೂಜೆಗೆ ಯಲ್ದೂರಿನ ಬಸ್ಸು ಹತ್ತತೊಡಗಿದೆ. ನಾನು ಕತ್ತಿ ಇಳಿಸುವಾಗ ಅವಳು ಕೈಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮಗುವನ್ನು ಬೇರೆಯವರ ಕೈಗೆ ಕೊಟ್ಟ ತಾಯಿಯ ಹಾಗೆ ನೋಡುತ್ತ ನಿಲ್ಲುತ್ತಿದ್ದಳು. "ತಲೆ ಕಡೆ ಹಿಡ್ಕೊಳೋ. ಭಾರ ಇರುತ್ತೆ, ಜೋಪಾನ."

ಭಾರವೇನೂ ಇರಲಿಲ್ಲ. ಅದನ್ನು ಅವಳಿಗೆ ನಾನು ಯಾಕೋ ಹೇಳಲಿಲ್ಲ.

ಉಳಿದ ದಿನಗಳಲ್ಲಿ ಆ ಮನೆಯಲ್ಲಿ ಅವಳೊಬ್ಬಳೇ. ಊಟಕ್ಕೆ ಕತ್ತಿಯ ಕೆಳಗಿನ ಹೊಸ್ತಿಲ ಪಕ್ಕದಲ್ಲೇ ಗೋಡೆಗೆ ಒರಗಿ ಕೂರುತ್ತಿದ್ದಳು. ಮುದ್ದೆ ಮುರಿಯುತ್ತ ಅದರೊಡನೆ ಮಾತಾಡುವುದನ್ನು ನಾನು ಹೊರಗಿನಿಂದ ಕೇಳಿದ್ದೇನೆ. "ಏನ್ ಯಜಮಾನ್ರೇ, ಇವತ್ತು ಸೆಕೆ ಜಾಸ್ತಿ." "ಹೂ ಉದುರ್ತಾ ಐತೆ ಯಜಮಾನ್ರೇ, ಈ ಸಲ ಕಾಯಿ ಕಮ್ಮಿ." ನನ್ನ ಹೆಜ್ಜೆ ಸದ್ದಾದರೆ ತಟ್ಟನೆ ನಿಲ್ಲಿಸುವಳು.

ಒಂದು ವರ್ಷ ಮಾವು ಹೂ ಬಿಡುವ ಕಾಲದಲ್ಲಿ ಫೋನು ಬಂತು. "ಯಜಮಾನ್ರು ಬಿದ್ದವ್ರೆ ಕಣೋ. ಬಾ."

"ಯಾವ ಯಜಮಾನ್ರು?"

"ನಮ್ಮನೇಲಿ ಇನ್ಯಾರವ್ರೆ?"

ರಜೆ ಸಿಕ್ಕ ದಿನ ಹೋದೆ. ಗೂಟಗಳಿಗೆ ಗೆದ್ದಲು ಹತ್ತಿ ಮುರಿದಿದ್ದವು. ಕತ್ತಿ ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಬಿದ್ದಿತ್ತು. ಅದನ್ನು ಅವಳು ಮುಟ್ಟುವಂತಿಲ್ಲ, ದಾಟುವಂತೆಯೂ ಇಲ್ಲ. ಹಾಗಾಗಿ ಅದು ಬಿದ್ದಂದಿನಿಂದ ಮುಂಬಾಗಿಲಿನಿಂದ ಹೊರಬಂದು, ಮನೆ ಸುತ್ತಿ, ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ಹೋಗುತ್ತಿದ್ದಳು. ತಟ್ಟೆ ಹಿಡಿದುಕೊಂಡು ಮತ್ತೆ ಸುತ್ತಿ ಬಂದು ಅದರ ಪಕ್ಕದಲ್ಲೇ ಕುಳಿತು ಉಣ್ಣುತ್ತಿದ್ದಳು.

ನಾನು ಎತ್ತಿದೆ. ಬಟ್ಟೆ ಕೈಗೆ ಬರಲಿಲ್ಲ, ಪುಡಿಯಾಗಿ ಉದುರಿತು. ಗೆದ್ದಲು ಪದರ ಪದರವಾಗಿ ತಿಂದಿತ್ತು. ಮೇಲಿನವು ಹಸಿರು, ಒಳಗೊಳಗೆ ಹೋದಂತೆ ಬಣ್ಣ ಮಾಸಿ ಬಿಳಿಚಿದ್ದವು. ಒರೆಯೂ ಮಣ್ಣಾಗಿತ್ತು. ನಾನು ಮೊದಲ ಸಲ ಅದನ್ನು ಬರಿದಾಗಿ ನೋಡಿದ್ದು ಆಗ. ಕ್ಯಾಲೆಂಡರ್ ಚಿತ್ರಗಳಲ್ಲಿರುವ ಬಾಗಿದ ಕತ್ತಿಯಲ್ಲ. ನೇರವಾದ ಸಣ್ಣ ಅಲಗು. ಹಿಡಿಯ ಮುಂದೆ ಕೈಯನ್ನು ಮುಚ್ಚುವ, ಬಟ್ಟಲಿನಂಥ ಉಕ್ಕಿನ ತಗಡು. ಆ ಬಟ್ಟಲಿನೊಳಗೆ ಲೋಬಾನದ ಮಸಿ ದಪ್ಪಗೆ ಕಟ್ಟಿತ್ತು. ಸೀಮೆಎಣ್ಣೆ ಹಾಕಿ ಒರೆಸಿದಾಗ ಸಣ್ಣ ಸಣ್ಣ ಚುಕ್ಕೆಗಳಲ್ಲಿ ಚುಚ್ಚಿದ ಅಕ್ಷರಗಳು ಕಂಡವು. ಉರ್ದು ಅಕ್ಷರಗಳು.

ದೊಡ್ಡಮ್ಮ ಬಗ್ಗಿ ನೋಡಿದಳು, ಕೈ ಸೆರಗಿನಲ್ಲಿಟ್ಟುಕೊಂಡೇ. "ಸಾಹೇಬ್ರು ತೋಟದಲ್ಲವ್ರೆ. ಕರಿ."

ಸಾಹೇಬರೆಂದರೆ ಅವಳ ತೋಟದ ಫಸಲನ್ನು ಹೂವಿನಲ್ಲೇ ನೋಡಿ ಗುತ್ತಿಗೆ ಹಿಡಿಯುತ್ತಿದ್ದವರು, ಶ್ರೀನಿವಾಸಪುರದವರು. ಅವಳಿಗಿಂತ ಸ್ವಲ್ಪ ಚಿಕ್ಕವರು. ಚಪ್ಪಲಿ ಬಿಟ್ಟು ಒಳಬಂದು, ಮೊಬೈಲಿನ ಬೆಳಕು ಬಿಟ್ಟು, ಬಹಳ ಹೊತ್ತು ನೋಡಿದರು.

"ಇದು ಸರ್ಕಾರದೋರು ಹಾಕಿದ ಗುರುತಲ್ಲಮ್ಮ. ಯಾರೋ ಪುರುಸೊತ್ತಾಗಿ ಕೂತ್ಕೊಂಡು ಮೊಳೆಯಲ್ಲಿ ಹೊಡ್ದಿರೋದು. ಸವಾರ್ ಇಮಾಮ್. ಮುಳಬಾಗಿಲ್." ನನ್ನ ಕಡೆ ತಿರುಗಿ, "ಸವಾರ್ ಅಂದ್ರೆ ಕುದುರೆ ಸಿಪಾಯಿ ಸಾರ್, ಇಮಾಮ್ ಅವ್ನ ಹೆಸ್ರು" ಎಂದರು.

"ನಮ್ ತಾತನ ಹೆಸ್ರು?" ಎಂದಳು ದೊಡ್ಡಮ್ಮ.

"ಇಲ್ಲಮ್ಮ."

"ಇನ್ನೊಂದ್ಸಲ ನೋಡಪ್ಪ."

ಅವರು ಇನ್ನೊಂದು ಸಲ ನೋಡಿದರು. ನೋಡುವ ಅಗತ್ಯವಿರಲಿಲ್ಲ, ಆದರೂ ನಿಧಾನವಾಗಿ ನೋಡಿದರು. ಆಮೇಲೆ ನೆಲದ ಮೇಲಿನ ಹಸಿರು ಪುಡಿಯನ್ನೂ, ಲೋಬಾನದ ಮಸಿಯನ್ನೂ ತೋರಿಸಿ ಅದೇನೆಂದು ಕೇಳಿದರು. ನಾನು ನವಮಿಯ ದಿನದ ಪದ್ಧತಿಯನ್ನೆಲ್ಲ ಹೇಳಿದೆ. ಸಕ್ಕರೆ, ಹಸಿರು ಬಟ್ಟೆ, ಮೌನ, ಕುಂಕುಮವಿಲ್ಲದ್ದು.

"ಬೇಜಾರು ಮಾಡ್ಕೋಬೇಡಿ ಅಮ್ಮಾ" ಎಂದರು ಅವರು. "ನೀವು ಇಷ್ಟು ವರ್ಷ ಮಾಡಿರೋದು ಪೂಜೆ ಅಲ್ಲ. ನಮ್ಮಲ್ಲಿ ಸತ್ತೋರ ಹೆಸರಲ್ಲಿ ಫಾತೆಹಾ ಅಂತ ಓದಿಸ್ತೀವಿ. ಓದೋದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ್ದೀರಿ."

ದೊಡ್ಡಮ್ಮ ಅಡುಗೆಮನೆಗೆ ಹೋಗಿ ಬಂದಳು. ಅವರಿಗೆ ಮಜ್ಜಿಗೆ ಕೊಟ್ಟಳು. ಅವರು ಹೋದ ಮೇಲೆ ಜಗುಲಿಯ ಮೇಲೆ ಕುಳಿತಳು. ಸಂಜೆ ಎಮ್ಮೆ ಕೂಗಿದರೂ ಏಳಲಿಲ್ಲ. ಕೊನೆಗೆ ನನ್ನ ಮುಖ ನೋಡದೆ ಕೇಳಿದಳು.

"ಕದ್ದಿದ್ದೋ, ಕೊಟ್ಟಿದ್ದೋ?"

"ಏನು ದೊಡ್ಡಮ್ಮ?"

"ನಮ್ ತಾತ ಇದನ್ನ ಕದ್ಕೊಂಡು ಬಂದಿದ್ದೋ, ಅವ್ನೇ ಕೊಟ್ಟಿದ್ದೋ? ಇದಕ್ಕೋಸ್ಕರ ನಾನು ತವರಿಗೆ ಹೋಗ್ಲಿಲ್ಲ. ಬೇರೆ ಮದ್ವೆ ಅಂದ್ರು, ಬೇಡ ಅಂದೆ. ಕದ್ದ ಮಾಲು ಕಾಯೋಕೆ ಕೂತಿದ್ನೇನೋ ಇಷ್ಟು ದಿನ?"

ಕುಂಟುವ ಎತ್ತಿನ ಕಥೆಯನ್ನು ಅವಳು ಬದಿಗಿಟ್ಟು ಮಾತಾಡಿದ್ದು ಅದೊಂದೇ ಸಲ.

ಸಾಹೇಬರು ತಾವಾಗಿಯೇ ಮುಳಬಾಗಿಲಿನಲ್ಲಿ ವಿಚಾರಿಸಿದರು. ಒಂದು ಶುಕ್ರವಾರ ನಮಾಜು ಮುಗಿದ ಮೇಲೆ ಮಸೀದಿಯ ಹಿರಿಯರನ್ನು ಕೇಳಿದಾಗ, ಕುದುರೆ ದಂಡಿನ ಇಮಾಮ್ ಅಂದರೆ ಫೌಜಿಯವರ ಮನೆಯೇ ಇರಬೇಕು ಎಂದರಂತೆ. ಆ ಮನೆಯಿಂದ ಆಮೇಲೆ ಯಾರೂ ಫೌಜಿಗೆ, ಎಂದರೆ ಸೈನ್ಯಕ್ಕೆ, ಹೋಗಿರಲಿಲ್ಲ. ಹಾಸಿಗೆ, ರಜಾಯಿ ಹೊಲಿಯುವವರು. ಹೆಸರು ಮಾತ್ರ ಇಲ್ಲಿಯಂತೆ ಅಲ್ಲೂ ಉಳಿದಿತ್ತು. ಹಳೆಯ ಫೌಜಿಯ ವಿಷಯ ಕೇಳಲು ಒಬ್ಬರು ಬರುತ್ತಾರೆಂದು ಮಾತ್ರ ಸಾಹೇಬರು ಹೇಳಿ ಬಂದಿದ್ದರು.

ದೊಡ್ಡಮ್ಮ ಕೂಡಲೇ ಹೊರಡಲಿಲ್ಲ. ಹಣ್ಣಿನ ಕಾಲ ಬರಲಿ ಎಂದಳು. ಬರಿಗೈಯಲ್ಲಿ ಒಬ್ಬರ ಮನೆಗೆ ಹೇಗೆ ಹೋಗುವುದು ಎಂಬುದು ಅವಳು ಕೊಟ್ಟ ಕಾರಣ. ಹೆದರಿದ್ದಳು ಎಂಬುದು ನನ್ನ ಊಹೆ. ಬಾವಿ ಪಕ್ಕದ ಮರದ ಮೊದಲ ಹಣ್ಣು ಇಳಿದ ದಿನ ಆ ವರ್ಷದ ಬುಟ್ಟಿ ಆಂಜನೇಯನ ಗುಡಿಗೆ ಹೋಗಲಿಲ್ಲ. "ಮುಳಬಾಗಿಲ ಬುಟ್ಟಿ ತಾನೇ? ಮುಳಬಾಗಿಲಿಗೇ ಹೋಗ್ಲಿ" ಎಂದಳು.

ಸಾಹೇಬರ ಟೆಂಪೋದಲ್ಲಿ, ಹಣ್ಣಿನ ಕ್ರೇಟುಗಳ ನಡುವೆ ಹುಲ್ಲಿನಲ್ಲಿ ಕತ್ತಿಯನ್ನು ಮಲಗಿಸಿದೆವು. ಹಳೆಯ ಬೆಡ್‌ಶೀಟು ಸುತ್ತಿದ್ದೆ.

"ಪೊಲೀಸ್ನೋರು ಹಿಡಿದ್ರೆ ಏನಂತ ಹೇಳೋದಮ್ಮ?" ಎಂದರು ಸಾಹೇಬರು.

"ಮಾವಿನಕಾಯಿ ಕೀಳೋ ದೋಟಿ ಅನ್ನಿ."

ಹೆದ್ದಾರಿ ಸೇರುವವರೆಗೂ ನಗುತ್ತಿದ್ದಳು. ಮುಳಬಾಗಿಲು ಹತ್ತಿರವಾದಾಗ ಹೇಳಿದಳು: "ಕದ್ದಿದ್ದಾದ್ರೆ ಅವ್ರ ಬಾಗಿಲಲ್ಲಿಟ್ಟು ಕೈಮುಗ್ದು ಬರೋಣ. ಕೊಟ್ಟಿದ್ದಾದ್ರೆ ಮನೆಗೆ ತರೋಣ. ನೀನು ಮಧ್ಯ ಬಾಯಿ ಹಾಕ್ಬೇಡ."

ಓಣಿ ಇಕ್ಕಟ್ಟಾಗಿತ್ತು. ಟೆಂಪೋ ಹೊರಗೇ ನಿಂತಿತು. ಕತ್ತಿಯನ್ನು ಅಲ್ಲೇ ಬಿಟ್ಟು, ದೊಡ್ಡಮ್ಮ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ಮುಂದೆ ನಡೆದಳು. ಮನೆಯ ಹೊಸ್ತಿಲಲ್ಲಿ ಒಬ್ಬ ಮುದುಕಿ ರಜಾಯಿ ಹೊಲಿಯುತ್ತ ಕುಳಿತಿದ್ದರು. ರೆಪ್ಪೆಯ ಮೇಲೂ ಹತ್ತಿಯ ಎಳೆ. ದೊಡ್ಡಮ್ಮನಿಗಿಂತ ಹಿರಿಯರು. ತಲೆಯೆತ್ತಿ ಮೊದಲು ನೋಡಿದ್ದು ನಮ್ಮ ಮುಖವನ್ನಲ್ಲ, ಸೊಪ್ಪು ಹೊದಿಸಿದ ಬುಟ್ಟಿಯನ್ನು. ಸೂಜಿ ನಿಂತಿತು.

"ಯಲ್ದೂರ್ ಕೆ ಘೋಡೆವಾಲೆ ಕೆ ಘರ್ ಸೆ ಆಯೆ ಕ್ಯಾ?" ಎಂದರು. ಮತ್ತೆ ಕನ್ನಡದಲ್ಲಿ, "ಯಲ್ದೂರು ಕುದುರೆಯೋರ ಮನೆಯಿಂದ ಬಂ‌ದ್ರಾ?"

ಎಲ್ಲಿಂದ ಬರುತ್ತಾರೆಂದು ತಾವು ಹೇಳಿಯೇ ಇರಲಿಲ್ಲವೆಂದು ಸಾಹೇಬರು ಆಮೇಲೆ ನನಗೆ ಎರಡೆರಡು ಸಲ ಹೇಳಿದರು.

ಅವರು ಇಮಾಮರ ಮೊಮ್ಮಗಳು. ನಾವು ಅವರನ್ನು ಬೂಬಮ್ಮ ಎಂದೆವು. ಒಳಗೆ ಚಾಪೆ ಹಾಸಿ ಕೂರಿಸಿದರು. ಅವರಿಗೆ ಗೊತ್ತಿದ್ದದ್ದು ಸ್ವಲ್ಪವೇ, ಅದೂ ಅವರ ದಾದಿ, ಎಂದರೆ ಅಜ್ಜಿ, ಇಮಾಮರ ಹೆಂಡತಿ, ಹೇಳಿದ್ದು. ಅವರು ಹೇಳಿದಷ್ಟನ್ನೇ ಇಲ್ಲಿ ಬರೆಯುತ್ತೇನೆ.

ದಂಡು ತಿರುಗಿ ಬಂದ ಮೇಲೆ ಒಬ್ಬ ಮನುಷ್ಯ ಮಾವಿನಹಣ್ಣಿನ ಬುಟ್ಟಿ ಹೊತ್ತು, ಕಂಬಳಿಯಲ್ಲಿ ಸುತ್ತಿದ ಕತ್ತಿ ಹಿಡಿದು ಬಾಗಿಲಿಗೆ ಬಂದ. ಅವನು ಇಮಾಮರ ಕುದುರೆಗೆ ಮೇವು ನೀರು ನೋಡಿಕೊಳ್ಳುತ್ತಿದ್ದವನು. ಇಮಾಮ್ ತೀರಿಹೋದರು, ಇದು ಅವರದು ಎಂದ. ದಾದಿ ಬಾಗಿಲ ಹಿಂದೆ ನಿಂತು ಗೋರಿ ನೋಡಿದೆಯಾ ಎಂದು ಕೇಳಿದರು. ಇಲ್ಲ, ಬರೀ ಮರಳು ಎಂದ. ಗೋರಿ ಇಲ್ಲದಿದ್ದರೆ ಸತ್ತದ್ದು ಹೇಗೆ ಎಂದರು ದಾದಿ.

"ಕತ್ತಿ ನಕ್ಕೊ ಅಂದ್ಬಿಟ್ರು. ಬೇಡ ಅಂತ" ಎಂದರು ಬೂಬಮ್ಮ. "ಕತ್ತಿ ಒಳಗೆ ಬಂದ್ರೆ ಮನುಷ್ಯ ಬರಲ್ಲ. ಅವ್ರು ಬಂದು ನಿನ್ ಹತ್ರಾನೇ ಇಸ್ಕೋತಾರೆ, ಅಲ್ಲೀವರೆಗೂ ನೀನೇ ಇಟ್ಕೋ ಅಂದ್ರು. ಆಮೇಲೆ ಅವ್ನು ಪ್ರತಿ ವರ್ಷ ಹಣ್ಣು ತರ್ತಿದ್ದ. ನಾನು ಚಿಕ್ಕೋಳಿದ್ದಾಗ ನೋಡಿದ್ದೀನಿ. ಹೊರಗೇ ನಿಂತ್ಕೊಂಡು ಕೇಳ್ತಿದ್ದ, ಈಗ ತರ್ಲಾ ಅಮ್ಮಾ ಅಂತ. ದಾದಿ ಒಳಗಿಂದ, ಅಭೀ ನಕ್ಕೊ. ಈಗ ಬೇಡ. ಅವ್ನು ಬುಟ್ಟಿ ಇಟ್ಟು ಹೋಗೋನು."

"ನಿಮ್ ದಾದಿ ಫಾತೆಹಾ ಓದಿಸ್ಲಿಲ್ವಾ?" ಎಂದರು ಸಾಹೇಬರು.

"ಬದುಕಿರೋರಿಗೆ ಯಾರು ಓದಿಸ್ತಾರೆ?"

ಆಗ ನನಗೆ ಅರ್ಥವಾಯಿತು. ಇಮಾಮರ ಹೆಂಡತಿ ಮಾಡಲೊಲ್ಲದ್ದನ್ನು ಆ ತಾತ ತನ್ನ ಮನೆಯಲ್ಲಿ ಮಾಡಿದ್ದ. ದಂಡಿನಲ್ಲಿ ಕಂಡಷ್ಟು, ನೆನಪಿದ್ದಷ್ಟು. ಯಾರೂ ಕೇಳದಿರಲೆಂದು ಗುದ್ದಲಿ ಮಚ್ಚುಗಳ ಪೂಜೆಯ ನಡುವೆ ಸೇರಿಸಿದ್ದ. ಹೆಂಗಸರು ಮುಟ್ಟಬಾರದೆಂಬ ಕಟ್ಟಳೆ ಎಲ್ಲಿಂದ ಬಂತೋ ತಿಳಿಯದು. ಬಾಗಿಲ ಹಿಂದೆ ನಿಂತು ಮುಟ್ಟಲೊಲ್ಲೆನೆಂದ ಆ ಹೆಂಗಸಿನಿಂದಲೇ ಇರಬಹುದು. ಸರ್ಕಾರದ ಕತ್ತಿಯೊಂದು ಕುದುರೆ ಆಳಿನ ಕೈಗೆ ಹೇಗೆ ಸೇರಿತು ಎಂಬುದೂ ನನಗೆ ಗೊತ್ತಿಲ್ಲ. ಹೇಳಬಲ್ಲವರು ಯಾರೂ ಉಳಿದಿಲ್ಲ.

ದೊಡ್ಡಮ್ಮ ಕೇಳಿದ್ದು ಬೇರೆಯದನ್ನೇ. "ಹಂಗಾದ್ರೆ ನಮ್ ತಾತ ಯುದ್ಧ ಮಾಡ್ಲಿಲ್ವಾ?"

"ಕುದುರೆ ಮೈ ತಿಕ್ಕೋರು ಯುದ್ಧ ಎಲ್ಲಿ ಮಾಡ್ತಾರಮ್ಮ?"

"ಅಯ್ಯೋ ದೇವುಡಾ!" ಎಂದು ದೊಡ್ಡಮ್ಮ ನಗತೊಡಗಿದಳು. "ಊರೆಲ್ಲ ನೂರು ತಲೆ ತೆಗೆದ ಅಂತಾರೆ. ಲದ್ದಿ ಬಾಚ್ತಿದ್ನಾ!" ಬೂಬಮ್ಮನೂ ನಕ್ಕರು. ಇಬ್ಬರೂ ಸೆರಗಿನಿಂದ ಕಣ್ಣು ಒರೆಸಿಕೊಂಡರು. ದೊಡ್ಡಮ್ಮ ಒರೆಸಿಕೊಳ್ಳುತ್ತಲೇ ಇದ್ದಳು.

ಕದ್ದದ್ದೂ ಅಲ್ಲ, ಕೊಟ್ಟದ್ದೂ ಅಲ್ಲ. ಅವಳು ಟೆಂಪೋದಲ್ಲಿ ಹೇಳಿದ ಎರಡು ದಾರಿಗಳಲ್ಲಿ ಇದು ಇರಲಿಲ್ಲ. ಇಟ್ಟುಕೊಂಡಿರು ಎಂದು ಒಪ್ಪಿಸಿದ್ದು. ಅದನ್ನು ಮನೆಗೆ ತಿರುಗಿ ತರಬಹುದಿತ್ತು. ಯಾರೂ ತಪ್ಪೆನ್ನುತ್ತಿರಲಿಲ್ಲ. ಅವಳು ಕೈಗಳನ್ನು ಸೆರಗಿನಲ್ಲಿಟ್ಟುಕೊಂಡು ಕುಳಿತಿದ್ದಳು. ಆಮೇಲೆ ನಿಧಾನವಾಗಿ, ಪ್ರತಿ ಮಾತನ್ನೂ ಬಿಡಿಸಿ, ಬೂಬಮ್ಮನನ್ನು ಕೇಳಿದಳು:

"ಈಗ ತರ್ಲಾ ಅಮ್ಮಾ?"

ಬೂಬಮ್ಮ ಬಾಗಿಲ ಕಡೆ ನೋಡಿದರು. "ಇನ್ನು ಬರೋರು ಯಾರಿದ್ದಾರೆ? ತನ್ನಿ. ಒಳಗೆ ತನ್ನಿ."

ನಾನು ಎದ್ದು ಟೆಂಪೋದ ಕಡೆ ಹೊರಟೆ. ದೊಡ್ಡಮ್ಮ ಹಿಂದೆಯೇ ಬಂದಳು. ನಾನು ಹುಲ್ಲು ಸರಿಸಿ ಕೈ ಚಾಚಿದಾಗ ತಡೆದಳು.

"ನೀ ಬಿಡು. ಈಗ ಇದು ನಮ್ಮನೇದಲ್ವಲ್ಲ. ನಾನು ಮುಟ್ಬೋದು."

ಸೆರಗಿನಿಂದ ಕೈಗಳನ್ನು ಹೊರತೆಗೆದಳು. ಒಮ್ಮೆ ಸೀರೆಗೆ ಒರೆಸಿಕೊಂಡು, ಸುತ್ತಿದ್ದ ಬೆಡ್‌ಶೀಟು ಸರಿಸಿದಳು. ಎರಡೂ ಕೈ ಚಾಚಿ, ಭಾರಕ್ಕೆ ಸಿದ್ಧಳಾಗಿ ಸೊಂಟ ಬಗ್ಗಿಸಿ ಎತ್ತಿದಳು. ಅಷ್ಟು ಬಲ ಬೇಕಾಗಿರಲಿಲ್ಲ. ಕತ್ತಿ ತಟ್ಟನೆ ಅವಳ ಎದೆಯವರೆಗೆ ಬಂದುಬಿಟ್ಟಿತು. ಅವಳು ಒಂದು ಹೆಜ್ಜೆ ಹಿಂದಕ್ಕೆ ತೂರಾಡಿದಳು.

"ಇಷ್ಟೇನಾ?" ಎಂದಳು.

ಓಣಿಯುದ್ದಕ್ಕೂ ಅವಳೇ ಹೊತ್ತು ನಡೆದಳು. ನಾನು ಹಿಂದೆ ಇದ್ದೆ, ಅವಳ ಮುಖ ನನಗೆ ಕಾಣಲಿಲ್ಲ.

ತಿರುಗಿ ಬರುವಾಗ ಅಂಗೈಗಳನ್ನು ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಸೊನೆಯ ಮಚ್ಚೆಗಳ ಮೇಲೆ ತುಕ್ಕಿನ ಪುಡಿ ಮೆತ್ತಿತ್ತು. ದಾರಿಯಲ್ಲಿ ಕಾಫಿಗೆ ನಿಲ್ಲಿಸಿದಾಗಲೂ ಕೈ ತೊಳೆಯಲಿಲ್ಲ. "ಕದ್ದಿದ್ದಲ್ಲ" ಎಂದಳು ಒಂದು ಸಲ. ನಾನು ಹೌದೆಂದೆ. ಮನೆಗೆ ಬಂದು ಅಡುಗೆಮನೆಗೆ ಹೋಗುವಾಗ, ಗೂಟವೂ ಇಲ್ಲದ ಆ ಬಾಗಿಲಿನ ಕೆಳಗೆ, ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ದಾಟಿದಳು.

ಆ ವರ್ಷದ ನವಮಿಗೆ ನಾನು ಹೋಗಲಿಲ್ಲ. ಇಳಿಸಲು ಏನೂ ಇರಲಿಲ್ಲವಲ್ಲ. ಫೋನು ಮಾಡಿ ಏನು ಮಾಡಿದೆ ಎಂದು ಕೇಳಿದೆ.

"ಗುದ್ದಲಿಗೆ ಕುಂಕುಮ ಇಟ್ಟೆ. ಆಮೇಲೆ ಸುಮ್ನೆ ಕೂತಿದ್ದೆ."

"ಕೋಲಾರಕ್ಕೆ ಬಂದ್ಬಿಡು ದೊಡ್ಡಮ್ಮ. ಈಗ ಅಲ್ಲಿ ಕಾಯೋದಕ್ಕೆ ಏನೂ ಇಲ್ಲವಲ್ಲ."

ಆ ಕಡೆ ಎಮ್ಮೆ ಕೂಗುವುದು ಕೇಳಿಸಿತು.

"ಮನೇಲಿ ಒಬ್ರು ಇದ್ದಂಗಿತ್ತು ಕಣೋ" ಎಂದಳು.

ಚಳಿಗಾಲದಲ್ಲಿ ಕೆಮ್ಮು ಬಂತೆಂದು ಕೋಲಾರಕ್ಕೆ ಬಂದಳು. ಎಕ್ಸ್‌ರೇ ತೆಗೆದವನು ನಾನೇ. ತಣ್ಣನೆಯ ಹಲಗೆಗೆ ಎದೆ ಒತ್ತಿ ನಿಲ್ಲಿಸಿ, ಎರಡೂ ಕೈಗಳನ್ನು ಸೊಂಟದ ಮೇಲೆ ಇರಿಸಿ, ದಿನವೂ ಎಲ್ಲರಿಗೂ ಹೇಳುವುದನ್ನೇ ಹೇಳಿದೆ: ಉಸಿರು ಹಿಡಿ. ಒಳಗಿನ ಕೋಣೆಯಲ್ಲಿ ಪರದೆಯ ಮೇಲೆ ಚಿತ್ರ ಬಂತು. ನಾನು ಡಾಕ್ಟರಲ್ಲ. ಆದರೆ ಇಷ್ಟು ವರ್ಷ ಅದನ್ನೇ ನೋಡಿದ ಕಣ್ಣು. ನಾನು ಹಾಗೇ ನಿಂತುಬಿಟ್ಟಿದ್ದೆ.

"ಬಿಡ್ಲೇನೋ?" ಎಂದು ಆ ಕಡೆಯಿಂದ ಕೂಗಿದಳು. "ಎಷ್ಟೊತ್ತು ಹಿಡ್ಕೊಂಡಿರ್ಲಿ?"

ಹೋಗಿ ಅವಳ ಕೈಗಳನ್ನು ಸೊಂಟದಿಂದ ನಾನೇ ಇಳಿಸಿದೆ.

ಮಾವು ಮತ್ತೆ ಹೂ ಬಿಡುವ ಮೊದಲೇ ಹೋದಳು. ಯಲ್ದೂರಿಗೇ ಕರೆದುಕೊಂಡು ಹೋಗು ಎಂದಿದ್ದಳು, ಕರೆದೊಯ್ದಿದ್ದೆ. ಕೊನೆಯ ದಿನಗಳಲ್ಲಿ ಒಮ್ಮೆ, "ಆ ಇಮಾಮನಿಗೆ ಹೆಂಡ್ತಿ ಕಾದ್ಲು, ತಾತ ಕಾದ, ನಾನೂ ಕಾದೆ. ಪುಣ್ಯವಂತ" ಎಂದಳು. ಸಂಕಟದಿಂದ ಹೇಳಿದಂತೆ ನನಗೆ ಕೇಳಿಸಲಿಲ್ಲ. ಮಣ್ಣು ಮಾಡುವಾಗ ಬಂದ ಜನ ಕತ್ತಿ ಮನೆ ಸೊಸೆ ಹೋದಳು ಎಂದರು. ಯಾರೂ ಬೇರೆ ಹೆಸರು ಹೇಳಲಿಲ್ಲ.

ತೋಟ ದಾಯಾದಿಗಳ ಪಾಲಾಯಿತು. ಫಸಲು ಆ ಸಲವೂ ಸಾಹೇಬರದೇ. ಬಾವಿ ಪಕ್ಕದ ಮರದ ಮೊದಲ ಹಣ್ಣು ಇಳಿದಾಗ ಅವರೇ ಫೋನು ಮಾಡಿದರು. "ಬುಟ್ಟಿ ತುಂಬಿ ಇಟ್ಟಿದ್ದೀನಿ ಸಾರ್. ಬಂದು ತಗೊಂಡ್ಹೋಗಿ."

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಮುಳಬಾಗಿಲಿಗೆ ಹೋದೆ. ಬೂಬಮ್ಮ ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿ, ಬುಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಒಳಗೆ ಗೋಡೆಯ ಮೇಲೆ ಹೊಸ ಗೂಟಗಳ ಮೇಲೆ ಕತ್ತಿಯಿತ್ತು. ಬಟ್ಟೆ ಸುತ್ತಿರಲಿಲ್ಲ. ಇನ್ನು ಮೇಲೆ ಅಲ್ಲಿ ಪ್ರತಿ ವರ್ಷ ಇಮಾಮರ ಹೆಸರಿನಲ್ಲಿ ಫಾತೆಹಾ ಓದಿಸುತ್ತಾರಂತೆ. ಯುದ್ಧಕ್ಕೆ ಹೋದವರು ತೀರಿದ ದಿನ ಯಾವುದೆಂದು ಗೊತ್ತಿಲ್ಲದ್ದರಿಂದ, ಮಾವಿನಹಣ್ಣು ಬಂದ ದಿನ.

ಲೋಬಾನ ಹಾಕಿದರು. ತಟ್ಟೆಯಲ್ಲಿ ಸಕ್ಕರೆ, ಪಕ್ಕದಲ್ಲಿ ಹಣ್ಣು. ಅವರ ಮಗ ಓದಿದರು. ನನಗೆ ಭಾಷೆ ತಿಳಿಯಲಿಲ್ಲ, ನಡುವೆ ಇಮಾಮ್ ಎಂಬ ಹೆಸರು ಬಂದದ್ದು ತಿಳಿಯಿತು. ಓದಿ ಮುಗಿದ ಮೇಲೆ ಬೂಬಮ್ಮ ಅಂಗೈಗಳನ್ನು ಎತ್ತಿ ಹಿಡಿದು ತಾವೇ ದುವಾ ಮಾಡತೊಡಗಿದರು. ಅದರಲ್ಲಿ ಯಲ್ದೂರ್ ಕೆ ಘೋಡೆವಾಲೆ ಎಂಬುದೂ ಬಂತು. ಅಲ್ಲಿಗೆ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಅಮ್ಮನ ಹೆಸರೇನಪ್ಪ?"

ದೊಡ್ಡಮ್ಮ ಎಂದು ಬಾಯಿಗೆ ಬಂತು. ಅದು ಅವಳ ಹೆಸರಲ್ಲ. ಕತ್ತಿ ಮನೆ ಸೊಸೆ ಎಂಬುದೂ ಅಲ್ಲ. ಅವಳನ್ನು ಹೆಸರು ಹಿಡಿದು ಕೊನೆಗೆ ಕೂಗಿದ್ದು ಅವಳ ತಾಯಿಯೇ ಇರಬೇಕು. ನಾನು ಕೂಗಿದವನಲ್ಲ. ನೆನಪಿಸಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆ ಮುದುಕಿ ಎತ್ತಿದ ಕೈಗಳನ್ನು ಇಳಿಸದೆ ಕಾದರು.

ಹೇಳಿದೆ.

ಮೊದಲ ಸಲ ಅವರಿಗೆ ಸರಿಯಾಗಿ ಬರಲಿಲ್ಲ. ನಾನು ಬಿಡಿಸಿ ಹೇಳಿದೆ. ಎರಡನೆಯ ಸಲ, ಆ ಇಬ್ಬರು ಗಂಡಸರ ಹೆಸರುಗಳ ಪಕ್ಕದಲ್ಲಿ, ಕತ್ತಿಯ ಕೆಳಗೆ, ಅವಳ ಹೆಸರನ್ನು ಸರಿಯಾಗಿ, ಗಟ್ಟಿಯಾಗಿ ಹೇಳಿದರು.